ಸ್ವಯಂಪ್ರೇರಿತ ರೀಕಾಲ್: ಯಾರ ಪ್ರೇರಣೆ, ಯಾರ ಹೊಣೆ?

ವಿದ್ಯುತ್ ವಾಹನದ ಬ್ಯಾಟರಿಗೆ ಬೆಂಕಿ ಹತ್ತಿತೆಂಬ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಎರಡು ಗುಂಪುಗಳು ಹುಟ್ಟಿಕೊಳ್ಳುತ್ತವೆ. ಒಂದು ಗುಂಪಿಗೆ ಈ ವಾಹನಗಳೇ ಬೇಡ. ಇನ್ನೊಂದು ಗುಂಪಿನ ದೃಷ್ಟಿಯಲ್ಲಿ ಬೆಂಕಿಯ ಮಾತೆತ್ತಿದವರೆಲ್ಲ ಪ್ರಗತಿಯ ವೈರಿಗಳು. ಈ ಕೂಗಾಟದಲ್ಲಿ ಕೇಳಲೇಬೇಕಾದ ಪ್ರಶ್ನೆಯೊಂದು ಮೂಲೆಗೆ ಸರಿಯುತ್ತದೆ. ದೋಷವುಳ್ಳ ವಾಹನವನ್ನು ಮಾರಿದವನು ಅದನ್ನು ಯಾವಾಗ, ಯಾವ ಷರತ್ತಿನ ಮೇಲೆ, ಯಾರಿಗೆ ಉತ್ತರ ಹೇಳಿ ಹಿಂಪಡೆಯಬೇಕು?

ನಾನು ವಾಸಿಸುವ ಪುಣೆಯ ಖರಾಡಿಗೆ ಈ ಪ್ರಶ್ನೆ ದೂರದ್ದಲ್ಲ. 2022ರ ಮಾರ್ಚ್ 26ರಂದು ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಲೋಹಗಾವ್ ಭಾಗದಲ್ಲಿ, ರಸ್ತೆಯ ಬದಿ ನಿಂತಿದ್ದ ಓಲಾ ಎಸ್1 ಪ್ರೊ ಸ್ಕೂಟರೊಂದು ಹೊಗೆಯುಗುಳಿ, ನೋಡನೋಡುತ್ತಲೇ ಉರಿದುಹೋಯಿತು. ಯಾರಿಗೂ ಗಾಯವಾಗಲಿಲ್ಲ. ದೃಶ್ಯ ಮಾತ್ರ ದೇಶವೆಲ್ಲ ಹರಡಿತು. ಸುಮಾರು ಒಂದು ತಿಂಗಳ ನಂತರ, ಏಪ್ರಿಲ್ 24ರಂದು, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಆ ಕಂಪನಿ 1,441 ಸ್ಕೂಟರುಗಳನ್ನು ತಪಾಸಣೆಗೆ ಹಿಂಪಡೆಯುವುದಾಗಿ ಪ್ರಕಟಿಸಿತು. ಪುಣೆಯ ಘಟನೆ ಬಿಡಿ ಘಟನೆಯೆಂದೂ, ಮುನ್ನೆಚ್ಚರಿಕೆಯಾಗಿ ಅದೇ ಬ್ಯಾಚಿನ ವಾಹನಗಳನ್ನು ಸ್ವಯಂಪ್ರೇರಿತವಾಗಿ ಕರೆಸಿಕೊಳ್ಳುತ್ತಿರುವುದಾಗಿಯೂ ಅದು ಹೇಳಿತು.

ಆ ವಸಂತದಲ್ಲಿ ಪುಣೆಯೊಂದೇ ಉರಿಯಲಿಲ್ಲ. ಮಾರ್ಚ್ ಅಂತ್ಯದಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ, ರಾತ್ರಿ ಚಾರ್ಜಿಗೆ ಹಾಕಿದ್ದ ಸ್ಕೂಟರಿನ ಬೆಂಕಿಯ ಹೊಗೆಗೆ ಉಸಿರುಗಟ್ಟಿ ತಂದೆ ಮತ್ತು ಮಗಳು ತೀರಿಕೊಂಡರೆಂದು ವರದಿಯಾಯಿತು. ಏಪ್ರಿಲ್ 9ರಂದು ನಾಸಿಕದಲ್ಲಿ ಕಂಟೇನರ್ ಲಾರಿಯೊಂದರಲ್ಲಿ ಸಾಗಿಸುತ್ತಿದ್ದ 40 ಸ್ಕೂಟರುಗಳ ಪೈಕಿ 20 ಸುಟ್ಟವು. ನಂತರ ತೆಲಂಗಾಣದ ನಿಜಾಮಾಬಾದಿನಲ್ಲಿ ಮನೆಯೊಳಗೆ ಚಾರ್ಜ್ ಆಗುತ್ತಿದ್ದ ಬ್ಯಾಟರಿ ಸಿಡಿದು ವೃದ್ಧರೊಬ್ಬರು, ವಿಜಯವಾಡದಲ್ಲಿ ಮತ್ತೊಬ್ಬ ಗೃಹಸ್ಥರು ಪ್ರಾಣ ಕಳೆದುಕೊಂಡರು. ಏಪ್ರಿಲ್ ತಿಂಗಳಲ್ಲೇ ಒಕಿನಾವಾ ಕಂಪನಿ 3,215, ಪ್ಯೂರ್ ಇವಿ ಕಂಪನಿ 2,000 ವಾಹನಗಳನ್ನು ಹಿಂಪಡೆದವು. ಮೂರೂ ಕಂಪನಿಗಳದ್ದು ಕೂಡಿದರೆ 6,656. ಏಪ್ರಿಲ್ 21ರಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು, ದೋಷವುಳ್ಳ ಬ್ಯಾಚುಗಳನ್ನು ಕಂಪನಿಗಳು ತಾವೇ ಮುಂದಾಗಿ ಹಿಂಪಡೆಯಬಹುದು, ಅಲಕ್ಷ್ಯ ಕಂಡುಬಂದರೆ ಭಾರಿ ದಂಡ ಬೀಳುತ್ತದೆ ಎಂದು ಎಚ್ಚರಿಸಿದ್ದರು.

ಇಲ್ಲಿ ‘ಸ್ವಯಂಪ್ರೇರಿತ’ ಎಂಬ ಪದವನ್ನು ಸ್ವಲ್ಪ ನಿಂತು ನೋಡಬೇಕು. ಸಾವು ಸಂಭವಿಸಿ, ದೃಶ್ಯಗಳು ಮನೆಮನೆಗೂ ತಲುಪಿ, ಸಚಿವರು ಗದರಿದ ವಾರದಲ್ಲಿ ಹೊರಟ ಪ್ರಕಟಣೆಗೆ ಪ್ರೇರಣೆ ಎಲ್ಲಿಂದ ಬಂತೆಂಬುದು ಓದುಗರಿಗೆ ಬಿಟ್ಟದ್ದು. ನನ್ನ ಕಳವಳ ಪ್ರೇರಣೆಯ ಬಗೆಗಲ್ಲ, ಆ ಪದಕ್ಕೆ ಕಾನೂನಿನಲ್ಲಿರುವ ಪರಿಣಾಮದ ಬಗೆಗೆ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಿಂದ 110ಎ ಎಂಬ ಕಲಂ ಸೇರಿತು. ಅದಕ್ಕೂ ಮೊದಲು ನಮ್ಮಲ್ಲಿ ರೀಕಾಲ್ ಎಂಬುದು ಕಂಪನಿಗಳ ಸೌಜನ್ಯವಾಗಿತ್ತು. ಟಾಟಾ ನ್ಯಾನೊ ಕಾರುಗಳಿಗೆ ಬೆಂಕಿ ಹತ್ತಿದ ಪ್ರಕರಣಗಳ ನಂತರ 2010ರ ಕೊನೆಯಲ್ಲಿ ಕಂಪನಿಯು ಮಾರಿದ ಕಾರುಗಳಿಗೆ ಉಚಿತವಾಗಿ ಹೆಚ್ಚುವರಿ ರಕ್ಷಣೆ ಒದಗಿಸಿತು. ಆದರೆ ಇದು ರೀಕಾಲ್ ಅಲ್ಲ ಎಂದು ಒತ್ತಿ ಹೇಳಿತು. ಕೆಲಸ ಮಾಡಿತು, ಹೆಸರು ಬೇಡವೆಂದಿತು. ವಾಹನ ತಯಾರಕರ ಸಂಘ 2012ರಲ್ಲಿ ಸ್ವಯಂಪ್ರೇರಿತ ರೀಕಾಲಿಗೆ ಸಂಹಿತೆಯೊಂದನ್ನು ರೂಪಿಸಿತಾದರೂ ಅದರ ಹಿಂದೆ ಶಾಸನದ ಬಲವಿರಲಿಲ್ಲ.

110ಎ ಕಲಂ ಆ ಬಲವನ್ನು ಕೊಟ್ಟಿತು. ವಾಹನದ ದೋಷವು ಪರಿಸರಕ್ಕೆ, ಚಾಲಕನಿಗೆ, ಪ್ರಯಾಣಿಕರಿಗೆ ಅಥವಾ ರಸ್ತೆಯಲ್ಲಿರುವ ಇತರರಿಗೆ ಹಾನಿ ತರಬಹುದಾದರೆ ಕೇಂದ್ರ ಸರ್ಕಾರ ಹಿಂಪಡೆಯಲು ಆದೇಶಿಸಬಹುದು. ದೋಷ ಬಿಡಿಭಾಗದ್ದಾದರೆ ಆ ಭಾಗವುಳ್ಳ ಎಲ್ಲ ಮಾದರಿಗಳನ್ನೂ ಕರೆಸಿಕೊಳ್ಳಬೇಕು. ಹಾಗೆ ಆದೇಶವಾದಾಗ ತಯಾರಕನು ವಾಹನದ ಪೂರ್ಣ ಬೆಲೆಯನ್ನು ಮರಳಿಸಬೇಕು, ಇಲ್ಲವೆ ಅಷ್ಟೇ ಅಥವಾ ಅದಕ್ಕಿಂತ ಉತ್ತಮ ವಾಹನವನ್ನು ಕೊಡಬೇಕು, ಇಲ್ಲವೆ ದುರಸ್ತಿ ಮಾಡಿಕೊಡಬೇಕು. ಜೊತೆಗೆ ದಂಡವನ್ನೂ ತೆರಬೇಕು. ತಯಾರಕನೇ ದೋಷವನ್ನು ಗಮನಿಸಿ ಸರ್ಕಾರಕ್ಕೆ ತಿಳಿಸಿ ಹಿಂಪಡೆದರೆ ದಂಡವಿಲ್ಲ.

ಪ್ರಾಮಾಣಿಕನಿಗೆ ಈ ವಿನಾಯಿತಿ ಇರಬೇಕಾದದ್ದೇ. ತಪ್ಪೊಪ್ಪಿಕೊಂಡವನನ್ನೂ ಬಚ್ಚಿಟ್ಟವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ಆದರೆ ಕಲಮನ್ನು ಎಚ್ಚರದಿಂದ ಓದಿದರೆ ಒಂದು ಬಿರುಕು ಕಾಣುತ್ತದೆ. ಬೆಲೆ ವಾಪಸು, ಬದಲಿ ವಾಹನ, ದುರಸ್ತಿ ಎಂಬ ಗ್ರಾಹಕನ ಹಕ್ಕುಗಳನ್ನು ಸರ್ಕಾರಿ ಆದೇಶದ ರೀಕಾಲಿಗೆ ಜೋಡಿಸಲಾಗಿದೆ. ಸ್ವಯಂಪ್ರೇರಿತ ರೀಕಾಲಿನಲ್ಲಿ ಕಂಪನಿ ಏನು ಮಾಡಬೇಕೆಂಬುದನ್ನು ಕಂಪನಿಯೇ ನಿರ್ಧರಿಸುತ್ತದೆ. ತಂತಿ ಬಿಗಿ ಮಾಡಿ ಕಳಿಸಬಹುದು, ಸಾಫ್ಟ್‌ವೇರ್ ಬದಲಿಸಿ ಕಳಿಸಬಹುದು, ಏನೂ ದೋಷವಿಲ್ಲವೆಂದು ಹೇಳಿಯೂ ಕಳಿಸಬಹುದು. ದಂಡದಿಂದ ಪಾರಾಗಲು ತೆರೆದಿಟ್ಟ ಬಾಗಿಲಿನಲ್ಲಿ ಗ್ರಾಹಕನ ಹಕ್ಕೂ ಹೊರಗೆ ಹೋಗಬಾರದು.

ಆದೇಶ ಹೊರಡುವ ದಾರಿಯೂ ಸುಲಭವಲ್ಲ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ 7 ವರ್ಷದೊಳಗಿನ ವಾಹನಗಳ ಬಗ್ಗೆ ಮಾಲೀಕರು ಸಾರಿಗೆ ಸಚಿವಾಲಯದ ಜಾಲತಾಣದಲ್ಲಿ ದೂರು ಕೊಡಬಹುದು. ವಾರ್ಷಿಕ ಮಾರಾಟಕ್ಕೆ ತಕ್ಕಂತೆ ಇಂತಿಷ್ಟು ದೂರುಗಳು ಕೂಡಿದಾಗ ವಿಚಾರಣೆ ಚಾಲನೆ ಪಡೆಯುತ್ತದೆ. ಸರಿಯಾಗಿ ತಿರುಗದ ಸ್ಟೀರಿಂಗಿಗೆ, ಕಿರುಗುಟ್ಟುವ ಬ್ರೇಕಿಗೆ ಈ ಕ್ರಮ ಒಪ್ಪುತ್ತದೆ. ಬ್ಯಾಟರಿಯ ಬೆಂಕಿಗೆ ಒಪ್ಪುವುದಿಲ್ಲ. ಸೆಲ್ಲಿನೊಳಗಿನ ದೋಷ ಬೆಂಕಿಯಾಗುವ ದಿನದವರೆಗೂ ಮಾಲೀಕನ ಕಣ್ಣಿಗೆ ಬೀಳುವುದಿಲ್ಲ. ಅವನಿಗೆ ದೂರು ಕೊಡಲು ಏನಿರುತ್ತದೆ? ಸಾವಿರ ವಾಹನಗಳಲ್ಲಿ ಒಂದು ಉರಿದರೂ ಅದು ಒಂದೇ ದೂರು. ಕಾನೂನು ತಲೆ ಎಣಿಸುತ್ತ ಕೂತರೆ ಬೆಂಕಿ ಕಾಯುವುದಿಲ್ಲ. ನಿಯಮಗಳ ಅಡಿ ವಿಧಿಸಬಹುದಾದ ದಂಡವೂ ಗರಿಷ್ಠ 1 ಕೋಟಿ ರೂಪಾಯಿ. ಕಾಯ್ದೆಯ 182ಎ ಕಲಂನಲ್ಲಿ 100 ಕೋಟಿಯವರೆಗಿನ ದಂಡಕ್ಕೂ ಒಂದು ವರ್ಷದ ಸೆರೆವಾಸಕ್ಕೂ ಅವಕಾಶವಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆಯ 20ನೆಯ ಕಲಂ ಕೇಂದ್ರ ಪ್ರಾಧಿಕಾರಕ್ಕೆ ಅಪಾಯಕಾರಿ ಸರಕುಗಳನ್ನು ಹಿಂಪಡೆಸುವ ಅಧಿಕಾರ ಕೊಟ್ಟಿದೆ. ಆಯುಧಗಳು ಕಪಾಟಿನಲ್ಲಿವೆ. ಆದರೂ ಆ ಏಪ್ರಿಲ್ಲಿನ ಮೂರು ರೀಕಾಲುಗಳೂ ಕಂಪನಿಗಳ ಮಾತಿನ ಮೇಲೆಯೇ ನಡೆದವು.

ಅರ್ಧ ಮದ್ದಿನ ಪಾಠ

ಕಂಪನಿಯ ಮಾತನ್ನೇ ನಂಬಿದರೆ ಏನಾಗುತ್ತದೆಂಬುದಕ್ಕೆ ಕಾರುಗಳ ಇತಿಹಾಸದಲ್ಲಿ ಸ್ಪಷ್ಟ ನಿದರ್ಶನಗಳಿವೆ. ಹ್ಯೂಂಡೈ ಕೋನಾ ಎಲೆಕ್ಟ್ರಿಕ್ ಕಾರುಗಳಿಗೆ ಕೊರಿಯಾದಲ್ಲಿ ಬೆಂಕಿ ಹತ್ತಿದಾಗ 2020ರ ಅಕ್ಟೋಬರಿನಲ್ಲಿ ಅಲ್ಲಿ 25,000ಕ್ಕೂ ಹೆಚ್ಚು ಕಾರುಗಳನ್ನು ಕರೆಸಿ, ಮುಖ್ಯವಾಗಿ ಸಾಫ್ಟ್‌ವೇರ್ ಬದಲಿಸಿ, ಅಗತ್ಯ ಕಂಡಲ್ಲಿ ಮಾತ್ರ ಬ್ಯಾಟರಿ ಬದಲಿಸಲಾಯಿತು. ಭಾರತದಲ್ಲಿಯೂ ಅದೇ ಡಿಸೆಂಬರಿನಲ್ಲಿ 456 ಕೋನಾ ಕಾರುಗಳನ್ನು ತಪಾಸಣೆಗೆ ಹಿಂಪಡೆಯಲಾಯಿತು. ರೀಕಾಲ್ ನಿಯಮಗಳು ನಮ್ಮಲ್ಲಿ ಇನ್ನೂ ಜಾರಿಗೆ ಬರದಿದ್ದ ಕಾಲವದು. 2021ರ ಜನವರಿಯಲ್ಲಿ, ಹಾಗೆ ‘ಸರಿಪಡಿಸಿದ’ ಕಾರೊಂದೇ ಕೊರಿಯಾದಲ್ಲಿ ಉರಿಯಿತು. ಆಗ ಮಾತ್ರ, ಫೆಬ್ರವರಿಯಲ್ಲಿ, ಜಗತ್ತಿನಾದ್ಯಂತ ಸುಮಾರು 82,000 ವಾಹನಗಳ ಬ್ಯಾಟರಿಯನ್ನೇ ಬದಲಿಸುವ ನಿರ್ಧಾರ ಹೊರಬಿತ್ತು. ಅಂದಾಜು ವೆಚ್ಚ ಒಂದು ಲಕ್ಷ ಕೋಟಿ ವಾನ್.

ಜನರಲ್ ಮೋಟರ್ಸ್ ಕಂಪನಿಯ ಬೋಲ್ಟ್ ಕಾರಿನ ಕಥೆಯೂ ಇದೇ ಹಾದಿಯದು. 2020ರ ನವೆಂಬರಿನಲ್ಲಿ ಮೊದಲ ರೀಕಾಲ್, ಚಾರ್ಜನ್ನು ಶೇ. 90ಕ್ಕೆ ಮಿತಿಗೊಳಿಸುವ ಸಾಫ್ಟ್‌ವೇರ್ ಪರಿಹಾರ. ದುರಸ್ತಿಯಾದ ಕಾರುಗಳೂ ಉರಿದಾಗ 2021ರ ಜುಲೈನಲ್ಲಿ ಎರಡನೆಯದು; ಮಾಲೀಕರಿಗೆ ಕಾರನ್ನು ಮನೆಯ ಹೊರಗೆ ನಿಲ್ಲಿಸಿ, ರಾತ್ರಿಯಿಡೀ ಚಾರ್ಜಿಗೆ ಹಾಕಬೇಡಿ ಎಂಬ ಸೂಚನೆ. ಆಗಸ್ಟಿನಲ್ಲಿ ಅದುವರೆಗೆ ತಯಾರಿಸಿದ ಎಲ್ಲ ಸುಮಾರು 1,42,000 ಬೋಲ್ಟ್ ಕಾರುಗಳೂ ರೀಕಾಲಿನ ವ್ಯಾಪ್ತಿಗೆ ಬಂದವು. ಹರಿದ ಆನೋಡ್ ಪಟ್ಟಿ, ಮಡಚಿದ ಸೆಪರೇಟರ್ ಎಂಬ ಎರಡು ದೋಷಗಳು ಒಂದೇ ಸೆಲ್ಲಿನಲ್ಲಿ ಕೂಡಿದಾಗ ಬೆಂಕಿಯ ಅಪಾಯವೆಂದು ಮೂಲಕಾರಣವನ್ನು ಪತ್ತೆ ಹಚ್ಚಿ ಹೇಳಲಾಯಿತು. ಸುಮಾರು 200 ಕೋಟಿ ಡಾಲರಿನ ವೆಚ್ಚದ ಬಹುಪಾಲನ್ನು ಸೆಲ್ ತಯಾರಿಸಿದ ಎಲ್‌ಜಿ ಸಂಸ್ಥೆ ಹೊರಬೇಕಾಯಿತು. 2024ರಲ್ಲಿ ಜಾಗ್ವಾರ್, ಅಂದರೆ ನಮ್ಮ ಟಾಟಾ ಸಮೂಹದ ಒಡೆತನದ ಕಂಪನಿ, ಅಮೆರಿಕದಲ್ಲಿ 2019ರ ಮಾದರಿಯ 2,760 ಐ-ಪೇಸ್ ಕಾರುಗಳನ್ನು ದುರಸ್ತಿಯ ಗೊಡವೆಯೇ ಬೇಡವೆಂದು ಮಾಲೀಕರಿಂದ ಮರಳಿ ಕೊಂಡುಕೊಳ್ಳಲು ಮುಂದಾಯಿತು.

ಇವುಗಳಲ್ಲಿ ಯಾವ ಕಂಪನಿಯೂ ಮೊದಲ ದಿನವೇ ಪೂರ್ಣ ಸತ್ಯ ಹೇಳಲಿಲ್ಲ. ಬಹುಶಃ ಆ ದಿನ ಅದಕ್ಕೆ ಗೊತ್ತೂ ಇರಲಿಲ್ಲ. ಆದರೆ ಅಲ್ಲಿ ಕೇಳುವವರಿದ್ದರು. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಯ ಜಾಲತಾಣದಲ್ಲಿ ವಾಹನದ ಗುರುತಿನ ಸಂಖ್ಯೆ ಕೊಟ್ಟರೆ ಬಾಕಿ ರೀಕಾಲ್ ಇದೆಯೇ ಎಂದು ಯಾರು ಬೇಕಾದರೂ ನೋಡಬಹುದು. ಮೂಲಕಾರಣ, ಪರಿಹಾರ, ದುರಸ್ತಿಯಾದ ವಾಹನಗಳ ಪ್ರಮಾಣ ಎಲ್ಲವೂ ಸಾರ್ವಜನಿಕ ದಾಖಲೆ. ನಮ್ಮಲ್ಲಿ 2022ರ ಬೆಂಕಿ ಪ್ರಕರಣಗಳನ್ನು ರಕ್ಷಣಾ ಸಂಶೋಧನಾ ಸಂಸ್ಥೆಯ ಅಗ್ನಿ ಸುರಕ್ಷತಾ ಕೇಂದ್ರ ಮತ್ತು ಇತರ ತಜ್ಞರು ಪರಿಶೀಲಿಸಿದರು. ಬ್ಯಾಟರಿಗಳಲ್ಲಿ ದೋಷ ಕಂಡುಬಂದಿದೆಯೆಂದು ಪತ್ರಿಕೆಗಳು ಬರೆದವು. ಆದರೆ ಯಾವ ಮಾದರಿಯಲ್ಲಿ ಯಾವ ದೋಷ, ಹಿಂಪಡೆದ 6,656 ವಾಹನಗಳಲ್ಲಿ ಎಷ್ಟರ ಬ್ಯಾಟರಿ ಬದಲಾಯಿತು ಎಂಬ ಪಟ್ಟಿಯನ್ನು ಸಾಮಾನ್ಯ ಮಾಲೀಕನ ಮುಂದೆ ಯಾರೂ ಇಡಲಿಲ್ಲ.

ಮಾನದಂಡಗಳು ಬಿಗಿಯಾದವೆಂಬುದು ನಿಜ, ಅದಕ್ಕೆ ಸರ್ಕಾರವನ್ನು ಮೆಚ್ಚಬೇಕು. ನಮ್ಮ ಪುಣೆಯಲ್ಲೇ ಇರುವ ಎಆರ್‌ಎಐ ಸಂಸ್ಥೆ ಪ್ರಕಟಿಸುವ ಎಐಎಸ್ 156 ಮತ್ತು ಎಐಎಸ್ 038 ಮಾನದಂಡಗಳ ತಿದ್ದುಪಡಿಗಳು 2022ರ ಡಿಸೆಂಬರ್ ಹಾಗೂ 2023ರ ಮಾರ್ಚ್ ಅಂತ್ಯದಿಂದ ಎರಡು ಹಂತಗಳಲ್ಲಿ ಜಾರಿಗೆ ಬಂದವು. ಒಂದು ಸೆಲ್ಲಿನ ಶಾಖ ಪಕ್ಕದ್ದಕ್ಕೆ ಹರಡಿ ಇಡೀ ಪ್ಯಾಕ್ ಉರಿಯದಂತೆ ಪರೀಕ್ಷೆ, ಸೆಲ್ಲುಗಳ ತಯಾರಿಕಾ ದಿನಾಂಕದ ದಾಖಲೆ, ಅಪಾಯದ ಮುನ್ಸೂಚನೆ ಇವೆಲ್ಲ ಕಡ್ಡಾಯವಾದವು. ಆದರೆ ಹೊಸ ಮಾನದಂಡ ಹೊಸ ವಾಹನಕ್ಕೆ. ಅದಕ್ಕೂ ಮೊದಲು ಮಾರಿದ ವಾಹನಗಳು ನಮ್ಮ ಬೀದಿಗಳಲ್ಲಿ, ನಮ್ಮ ನೆಲಮಾಳಿಗೆಗಳಲ್ಲಿ ಈಗಲೂ ಇವೆ. ಅವುಗಳಿಗೆ ಇರುವುದು ರೀಕಾಲ್ ಒಂದೇ ರಕ್ಷಣೆ.

ಲೆಕ್ಕಪತ್ರದಲ್ಲಿ ರೀಕಾಲ್

ಹೆಸರಿನಲ್ಲಿ ಏನಿದೆ ಎಂದು ಕೇಳುವವರಿಗೆ ಲೆಕ್ಕಪತ್ರದಲ್ಲಿ ಉತ್ತರವಿದೆ. ನಮ್ಮ ಲೆಕ್ಕಪತ್ರ ಮಾನದಂಡದ ಪ್ರಕಾರ, ಆಗಿಹೋದ ಘಟನೆಯಿಂದ ಈಗಾಗಲೇ ಬಾಧ್ಯತೆ ಹುಟ್ಟಿದ್ದು, ಹಣ ಹೊರಹೋಗುವ ಸಂಭವ ಹೆಚ್ಚಿದ್ದು, ಮೊತ್ತವನ್ನು ನಂಬಲರ್ಹವಾಗಿ ಅಂದಾಜಿಸಬಹುದಾದರೆ ಆ ವರ್ಷದ ಲಾಭದಿಂದಲೇ ಅದಕ್ಕೆ ಅವಕಾಶ ಕಲ್ಪಿಸಬೇಕು. ರೀಕಾಲ್ ಎಂದು ಒಪ್ಪಿಕೊಂಡ ದಿನ ಈ ಬಾಧ್ಯತೆಯನ್ನು ತಪ್ಪಿಸುವುದು ಕಷ್ಟ. ‘ಮುನ್ನೆಚ್ಚರಿಕೆಯ ತಪಾಸಣೆ’ ಎಂದರೆ ವಾದಕ್ಕೆ ಜಾಗವಿರುತ್ತದೆ. ಹೂಡಿಕೆದಾರರ ಮುಂದೆ ಬೆಳವಣಿಗೆಯ ಚಿತ್ರ ತೋರಿಸಬೇಕಾದ ಕಂಪನಿಗೆ ಮೃದುವಾದ ಪದದ ಮೇಲೆ ಮೋಹ ಹುಟ್ಟುವುದು ಸಹಜ. ಆ ಮೋಹವನ್ನು ತಡೆಯುವುದು ಲೆಕ್ಕಪರಿಶೋಧಕರ ಕರ್ತವ್ಯ ಎಂಬುದನ್ನು ನನ್ನ ವೃತ್ತಿಬಾಂಧವರಿಗೂ ನೆನಪಿಸಬೇಕಾಗಿದೆ.

ಷೇರುಪೇಟೆಯ ಮೊದಲ 1,000 ಕಂಪನಿಗಳು ಸೆಬಿ ನಿಗದಿಪಡಿಸಿದ ಹೊಣೆಗಾರಿಕೆ ವರದಿಯಲ್ಲಿ ಸುರಕ್ಷತೆಯ ಕಾರಣಕ್ಕೆ ನಡೆದ ರೀಕಾಲುಗಳ ಸಂಖ್ಯೆ ಮತ್ತು ಕಾರಣವನ್ನು, ಸ್ವಯಂಪ್ರೇರಿತ ಎಷ್ಟು, ಒತ್ತಾಯದ್ದೆಷ್ಟು ಎಂದು ಬೇರ್ಪಡಿಸಿ ತಿಳಿಸಬೇಕು. ಒಳ್ಳೆಯ ನಿಯಮ. ಆದರೆ ಸ್ಕೂಟರು ಮಾರುವ ಅನೇಕ ಸಣ್ಣ ಕಂಪನಿಗಳು ಷೇರುಪೇಟೆಯಲ್ಲಿ ಇಲ್ಲವೇ ಇಲ್ಲ. ಸೆಲ್ಲನ್ನು ಹೊರದೇಶದಿಂದ ತರಿಸಿ, ಇಲ್ಲಿ ಜೋಡಿಸಿ ಮಾರುವ ಕಂಪನಿ ನಾಳೆ ದಿವಾಳಿಯಾದರೆ ರೀಕಾಲಿನ ಖರ್ಚು ಯಾರದ್ದು? ದಿವಾಳಿ ಸಂಹಿತೆಯಲ್ಲಿ ಬ್ಯಾಂಕುಗಳಿಗೂ ನೌಕರರಿಗೂ ಸಂದ ಮೇಲೆ ಉಳಿದದ್ದರಲ್ಲಿ ಪಾಲು ಕೇಳುವ ಸಾಲಿನಲ್ಲಿ ಗ್ರಾಹಕ ನಿಲ್ಲಬೇಕು. ಅಲ್ಲಿಯವರೆಗೆ ಉಳಿಯುವುದು ಸಾಮಾನ್ಯವಾಗಿ ಸೊನ್ನೆ. ಎಲ್‌ಜಿಯಂಥ ಸಂಸ್ಥೆಯನ್ನು ಕೇಳಿ ವಸೂಲು ಮಾಡುವ ಶಕ್ತಿ ಜನರಲ್ ಮೋಟರ್ಸಿಗಿತ್ತು. ನಿಜಾಮಾಬಾದಿನ ಮನೆಗೆ ಅದೆಲ್ಲಿದೆ?

ಈ ವಾಹನಗಳನ್ನು ಜನರ ಕೈಗೆ ಕೊಟ್ಟದ್ದರಲ್ಲಿ ಸರ್ಕಾರದ ಪಾಲೂ ಇದೆ. 2019ರ ಆಗಸ್ಟಿನಿಂದ ಜಿಎಸ್‌ಟಿ ಶೇ. 12ರಿಂದ 5ಕ್ಕಿಳಿಯಿತು. ಸಾಲದ ಬಡ್ಡಿಯ ಮೇಲೆ 80ಇಇಬಿ ಕಲಂ ಅಡಿ 1,50,000 ರೂಪಾಯಿಯವರೆಗೆ ಆದಾಯ ತೆರಿಗೆ ವಿನಾಯಿತಿ ಸಿಕ್ಕಿತು. 10,000 ಕೋಟಿ ರೂಪಾಯಿಯ ಫೇಮ್ ಎರಡನೆಯ ಹಂತದ ಯೋಜನೆಯಲ್ಲಿ ಬ್ಯಾಟರಿಯ ಸಾಮರ್ಥ್ಯಕ್ಕೆ ತಕ್ಕಂತೆ ಸಹಾಯಧನ ಹರಿಯಿತು. ವಿದ್ಯುತ್ ವಾಹನ ನೀತಿಯನ್ನು ದೇಶದಲ್ಲೇ ಮೊದಲು, 2017ರಲ್ಲಿ, ತಂದದ್ದು ನಮ್ಮ ಕರ್ನಾಟಕ. ತೆರಿಗೆದಾರನ ಹಣದಿಂದ ಮಾರಾಟವಾದ ವಾಹನದ ಬಗ್ಗೆ ತೆರಿಗೆದಾರನಿಗೆ ಲೆಕ್ಕ ಕೇಳುವ ಹಕ್ಕಿದೆ.

ಆಗಬೇಕಾದದ್ದು

ನನ್ನ ಸಲಹೆಗಳು ನಾಲ್ಕು. ಮೊದಲನೆಯದು, ಬೆಂಕಿಯ ಪ್ರಕರಣಗಳಲ್ಲಿ ದೂರುಗಳ ಎಣಿಕೆಯ ಷರತ್ತನ್ನು ಕೈಬಿಡಬೇಕು. ಚಾರ್ಜಿಂಗಿನಲ್ಲಾಗಲಿ ನಿಂತಲ್ಲಾಗಲಿ ಉರಿದ ಪ್ರತಿ ವಾಹನವೂ ತನಿಖೆಗೆ ಅರ್ಹವಾಗಬೇಕು, ಆ ವರದಿ ಪ್ರಕಟವಾಗಬೇಕು. ಎರಡನೆಯದು, ಸ್ವಯಂಪ್ರೇರಿತ ರೀಕಾಲಿನಲ್ಲಿ ದಂಡ ಬೇಡ. ಆದರೆ ಗ್ರಾಹಕನ ಹಕ್ಕುಗಳು ಆದೇಶದ ರೀಕಾಲಿನಷ್ಟೇ ಇರಲಿ. ಮೂರನೆಯದು, ಬಾಕಿ ರೀಕಾಲಿನ ವಿವರ ವಾಹನದ ನೋಂದಣಿ ದಾಖಲೆಯಲ್ಲಿ ಕಾಣಲಿ. ಅದು ಇತ್ಯರ್ಥವಾಗದೆ ವಾಹನದ ಒಡೆತನ ಬದಲಾಗದಿರಲಿ. ಹಳೆಯ ಸ್ಕೂಟರನ್ನು ಎರಡನೆಯ ಕೈಯಲ್ಲಿ ಕೊಳ್ಳುವ ಬಡವನಿಗೆ ಕಂಪನಿಯ ಸಂದೇಶ ತಲುಪುವುದೇ ಇಲ್ಲ. ನಾಲ್ಕನೆಯದು, ಸಹಾಯಧನ ಪಡೆಯುವ ಪ್ರತಿ ತಯಾರಕನೂ ರೀಕಾಲಿಗೆಂದು ಪ್ರತ್ಯೇಕ ನಿಧಿಯನ್ನೋ ವಿಮೆಯನ್ನೋ ಇಟ್ಟಿರಲಿ. ಕಂಪನಿ ಮುಳುಗಿದರೂ ಆ ಹಣ ಮುಳುಗದಿರಲಿ.

ನಾಗರಿಕರಾದ ನಮಗೂ ಕೆಲಸವಿದೆ. ಖರಾಡಿಯ ಬಹುಮಹಡಿ ಸೊಸೈಟಿಗಳ ಸಭೆಗಳಲ್ಲಿ ಈಗ ನೆಲಮಾಳಿಗೆಯ ಚಾರ್ಜಿಂಗ್ ನಿಷೇಧಿಸಬೇಕೆಂಬ ಮಾತು ಕೇಳಿಬರುತ್ತದೆ. ಭಯಕ್ಕೆ ಕಾರಣವಿಲ್ಲವೆನ್ನಲಾರೆ. 2022ರ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನ ಹೋಟೆಲೊಂದರ ಕೆಳಗಿದ್ದ ವಿದ್ಯುತ್ ಸ್ಕೂಟರ್ ಮಳಿಗೆಗೆ ಬೆಂಕಿ ಬಿದ್ದು 8 ಮಂದಿ ಸತ್ತರು. 2024ರ ನವೆಂಬರಿನಲ್ಲಿ ಬೆಂಗಳೂರಿನ ರಾಜಾಜಿನಗರದ ಮಳಿಗೆಯ ಬೆಂಕಿಗೆ 20 ವರ್ಷದ ಉದ್ಯೋಗಿ ಯುವತಿ ಬಲಿಯಾದಳು. 2024ರ ಆಗಸ್ಟಿನಲ್ಲಿ ಕೊರಿಯಾದ ಇಂಚಿಯಾನ್ ನಗರದ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಂತಿದ್ದ ಒಂದು ವಿದ್ಯುತ್ ಕಾರಿನ ಬೆಂಕಿ ನೂರಾರು ಕಾರುಗಳಿಗೆ ಹಾನಿ ಮಾಡಿತು. ಆದರೆ ಅಲ್ಲಿ ಬೆಂಕಿ ಹರಡಲು ಕಾವಲಿನವರು ನೀರು ಸಿಂಪಡಿಸುವ ವ್ಯವಸ್ಥೆಯನ್ನು ನಿಲ್ಲಿಸಿದ್ದೂ ಒಂದು ಕಾರಣವಾಗಿತ್ತು. ಆ ಘಟನೆಯ ನಂತರ, ಬ್ಯಾಟರಿ ಯಾರು ತಯಾರಿಸಿದ್ದೆಂಬುದನ್ನು ಬಹಿರಂಗಪಡಿಸಬೇಕೆಂದು ಕೊರಿಯಾ ಸರ್ಕಾರ ಕಾರು ಕಂಪನಿಗಳಿಗೆ ಸೂಚಿಸಿತು.

ನಿಷೇಧ ಹೇರಿದರೆ ಜನ ಬ್ಯಾಟರಿಯನ್ನು ಮನೆಯೊಳಗೆ ಒಯ್ದು, ಮಲಗುವ ಕೋಣೆಯ ಪ್ಲಗ್ಗಿಗೆ ಹಾಕುತ್ತಾರೆ. ವಿಜಯವಾಡದಲ್ಲಿ ಸಾವು ಬಂದದ್ದು ಮಲಗುವ ಕೋಣೆಗೇ. ಅದರ ಬದಲು ಚಾರ್ಜಿಂಗಿಗೆ ಗಾಳಿಯಾಡುವ ನಿಗದಿತ ಜಾಗ, ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರನಿಂದ ಪ್ರತ್ಯೇಕ ತಂತಿ, ಸುಸ್ಥಿತಿಯ ಸ್ಪ್ರಿಂಕ್ಲರ್ ಇವುಗಳನ್ನು ಸೊಸೈಟಿ ಒದಗಿಸಲಿ. ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷತಾ ಕಾಯ್ದೆಯಂತೆ ವರ್ಷಕ್ಕೆರಡು ಬಾರಿ, ಜನವರಿ ಮತ್ತು ಜುಲೈಯಲ್ಲಿ, ಕಟ್ಟಡದ ಅಗ್ನಿಶಾಮಕ ವ್ಯವಸ್ಥೆಯ ಪ್ರಮಾಣಪತ್ರ ಬೇಕು. ಆ ಕಾಗದಕ್ಕೆ ಸಹಿ ಹಾಕುವ ಮುನ್ನ ಕಾರ್ಯದರ್ಶಿಗಳು ಒಮ್ಮೆ ನೆಲಮಾಳಿಗೆಗೆ ಇಳಿದು ನೋಡಿದರೆ ಸಾಕಷ್ಟು ಪುಣ್ಯ ಬಂದೀತು. ಸದಸ್ಯರ ವಾಹನಗಳ ಮಾದರಿ, ತಯಾರಾದ ವರ್ಷ, ಬಾಕಿ ರೀಕಾಲ್ ಇವುಗಳ ಪಟ್ಟಿ ಇಡಲು ಒಂದು ನೋಟ್‌ಬುಕ್ ಸಾಕು.

ಕೊನೆಯದಾಗಿ ಸಮಾಜ ಬಾಂಧವರಿಗೆ ಒಂದು ಮಾತು. ಹೊಗೆ ಉಗುಳದ ವಾಹನ ಅಹಿಂಸೆಗೆ ಹತ್ತಿರವೆಂದು ನಂಬಿ ಕೊಂಡವರು ನಮ್ಮಲ್ಲಿ ಅನೇಕರಿದ್ದಾರೆ. ಆ ನಂಬಿಕೆ ತಪ್ಪಲ್ಲ. ವಾಹನ, ಬಿಡಿಭಾಗ, ಸಾಲ ಕೊಡುವ ವ್ಯವಹಾರಗಳಲ್ಲಿ ಇರುವವರೂ ಕಡಿಮೆಯಿಲ್ಲ. ಹಿಂಸೆಗೆ ಕೊಲ್ಲುವ ಉದ್ದೇಶವೇ ಬೇಕಿಲ್ಲ, ಪ್ರಮಾದ ಸಾಕು ಎಂಬುದು ನಮಗೆ ಬಾಲ್ಯದಿಂದ ಕೇಳಿಬಂದ ತಿಳಿವಳಿಕೆ. ದೋಷ ಗೊತ್ತಿದ್ದೂ ಮಳಿಗೆಯ ಮೂಲೆಯಲ್ಲಿ ಉಳಿದ ಹಳೆಯ ಬ್ಯಾಚನ್ನು ರಿಯಾಯಿತಿಗೆ ದಾಟಿಸುವುದು, ರೀಕಾಲಿನ ಪತ್ರವನ್ನು ಗ್ರಾಹಕನಿಗೆ ತಲುಪಿಸದಿರುವುದು ವ್ಯಾಪಾರದ ಜಾಣತನದ ಲೆಕ್ಕಕ್ಕೆ ಸೇರುವುದಿಲ್ಲ. ಕಾನೂನು ಬಿಗಿಯಾಗುವವರೆಗೆ ಕಾಯದೆ, ತಾನು ಮಾರಿದ ಪ್ರತಿ ವಾಹನದ ಮಾಲೀಕನಿಗೆ ಫೋನು ಮಾಡಿ ವಿಷಯ ತಿಳಿಸುವ ವ್ಯಾಪಾರಿಯದು ಮಾತ್ರ ನಿಜವಾದ ಸ್ವಯಂಪ್ರೇರಣೆ. ಕಂಪನಿಗಳಿಂದ ಅದನ್ನು ಕೇಳುವ ನಾವು ನಮ್ಮ ಅಂಗಡಿಗಳಿಂದಲೇ ಶುರುಮಾಡೋಣ.